ವೇದಿಕೆ ಏರಿದಾಗ ಬಾಯಿ ಒಣಗುವುದೇಕೆ?

ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಊರುಗಳಲ್ಲಿ ನಮ್ಮ ಅನೇಕ ಮನೆಗಳ ಮಾತು ದಖನಿ ಉರ್ದು, ಶಾಲೆಯ ವೇದಿಕೆಯ ಮಾತು ಕನ್ನಡ. ಆಗಸ್ಟ್ 15ರ ಭಾಷಣಕ್ಕೆ ಹೆಸರು ಕೊಟ್ಟ ಮಗು ಹಿಂದಿನ ರಾತ್ರಿ ಹೊಟ್ಟೆನೋವೆಂದು ಅತ್ತರೆ ನೆಪವೆಂದು ಗದರಬೇಡಿ. ನೋವು ನಿಜವೇ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಹಾರ್ಮೋನು ಹೆಚ್ಚುತ್ತದೆ. ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ತಳಮಳಿಸುತ್ತದೆ. ಹಾವು ಕಂಡಾಗ ಓಡಲು ನೆರವಾಗುವುದೂ ಇದೇ.

ಫಿರ್‌ಔನನ ಬಳಿಗೆ ಹೋಗಬೇಕಾದಾಗ ಹಝ್ರತ್ ಮೂಸಾ(ಅ) ನಾಲಗೆಯ ಗಂಟು ಬಿಡಿಸುವಂತೆ ಅಲ್ಲಾಹನಲ್ಲಿ ಬೇಡಿದ್ದು ಸೂರಃ ತಾಹಾದಲ್ಲಿದೆ. ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೊಡುವಂತೆಯೂ ಅವರು ಕೇಳಿದರು. ಆ ದುಆವನ್ನು ಮಕ್ಕಳಿಗೆ ಕಲಿಸುವ ನಾವು ಜೊತೆಗೆ ನಿಲ್ಲುವುದನ್ನು ಮರೆಯುತ್ತೇವೆ.

ಭಾಷಣವನ್ನು ಮೊದಲು ಅಮ್ಮಿಯ ಎದುರು, ಆಮೇಲೆ ದಾದಾ-ದಾದಿಯ ಎದುರು, ಕೊನೆಗೆ ನೆರೆಮನೆಯ ಮಕ್ಕಳ ಎದುರು ಗಟ್ಟಿಯಾಗಿ ಹೇಳಿಸಿ. ‘ಳ’ ಹೋಗಿ ‘ಲ’ ಬಂದರೆ ನಗಬೇಡಿ; ಉರ್ದುವಿನಲ್ಲಿ ‘ಳ’ ಇಲ್ಲವೇ ಇಲ್ಲ. ಎಷ್ಟೋ ಮಕ್ಕಳ ಬಾಯಿ ಮುಚ್ಚಿಸಿದ್ದು ಇಂಥ ನಗುವೇ. ಹೆಸರು ಕರೆಯುವ ಮುನ್ನ ಮೂಗಿನಿಂದ ಉಸಿರೆಳೆದು, ಎಳೆದದ್ದಕ್ಕಿಂತ ನಿಧಾನವಾಗಿ ನಾಲ್ಕೈದು ಬಾರಿ ಹೊರಬಿಡಲಿ. ಒಂದು ಗುಟುಕು ನೀರು ಕುಡಿಯಲಿ. ಮೊದಲ ವಾಕ್ಯ ಬಾಯಿಪಾಠವಿರಲಿ. ‘ಬೇಡ ಬಿಡು’ ಎಂದು ಹೆಸರು ತೆಗೆಸಿದರೆ ಆ ದಿನ ನೆಮ್ಮದಿ ಎನಿಸುತ್ತದೆ, ಮುಂದಿನ ಸಲ ಭಯ ಇನ್ನೂ ಬೆಳೆದಿರುತ್ತದೆ.

ನಡುಕಕ್ಕೆಂದು ದೊಡ್ಡವರು ತಾವೇ ಮಾತ್ರೆ ತಂದು ನುಂಗುವುದುಂಟು. ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಅಪಾಯಕಾರಿ. ವೈದ್ಯರನ್ನು ಕೇಳದೆ ಬೇಡ. ಭಯದಿಂದ ಮಗು ಶಾಲೆಯನ್ನೇ ತಪ್ಪಿಸತೊಡಗಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.