ಬೆಟ್ಟದ ಬುಡದಲ್ಲೊಂದು ಎಚ್ಚರಿಕೆ

ಅಮೆರಿಕದ ಯೂಟಾ ರಾಜ್ಯದ ರಾಜಧಾನಿಯಾದ ಸಾಲ್ಟ್ ಲೇಕ್ ಸಿಟಿಯ ಆಗ್ನೇಯಕ್ಕೆ, ವಾಸಾಚ್ ಪರ್ವತಶ್ರೇಣಿಯು ಬಯಲಿನಿಂದ ನೆಟ್ಟನೆ ಮೇಲೆದ್ದು ನಿಂತಿರುವೆಡೆಯಲ್ಲಿ, ಲಿಟ್ಲ್ ಕಾಟನ್‌ವುಡ್ ಎಂಬ ಕಣಿವೆಯೊಂದು ಬಾಯ್ದೆರೆದಿದೆ. ಹಿಮಯುಗದಲ್ಲಿ ಈ ಕಣಿವೆಯನ್ನು ತುಂಬಿ ಇಳಿದುಬಂದ ಹಿಮನದಿಯು, ಕರಗಿ ಹಿಂಜರಿಯುವ ಮುನ್ನ, ತಾನು ಹೊತ್ತುತಂದ ಬಂಡೆ, ಜಲ್ಲಿ, ಮರಳುಗಳನ್ನು ಕಣಿವೆಯ ಬಾಯಲ್ಲಿ ನೀಳವಾದ ದಿಣ್ಣೆಗಳಾಗಿ ಒಟ್ಟಿಹೋಯಿತು. ಅಂಥ ದಿಣ್ಣೆಯ ಬೆನ್ನೇರಿ ಪರ್ವತದತ್ತ ನಡೆದರೆ, ಕಾಲಡಿಯ ನೆಲವು ಇದ್ದಕ್ಕಿದ್ದಂತೆ ತಗ್ಗಿಗೆ ಕುಸಿಯುವುದು. ತಗ್ಗಿನಾಚೆ ಮನೆಯ ಮಾಡನ್ನು ಮೀರಿದ ಕಡಿದಾದ ಮಣ್ಣಿನ ಏರೊಂದು ಅಡ್ಡನಿಲ್ಲುವುದು. ಇದು ನೀರು ಕೊರೆದುದಲ್ಲ, ಮನುಷ್ಯರು ಅಗೆದುದೂ ಅಲ್ಲ. ಪರ್ವತದ ಬುಡವನ್ನನುಸರಿಸಿ 350 ಕಿಲೋಮೀಟರಿಗೂ ಮೀರಿ ಹಬ್ಬಿರುವ ಸ್ತರಭಂಗದ ಗುರುತು. ಇಲ್ಲಿ ಭೂಮಿಯು ಪೂರ್ವಪಶ್ಚಿಮವಾಗಿ ಹಿಗ್ಗುತ್ತಿರುವುದರಿಂದ, ಒಂದೊಂದು ಮಹಾಕಂಪದಲ್ಲೂ ಪರ್ವತದ ಪಕ್ಕ ಮೇಲೇರಿ ಬಯಲಿನ ಪಕ್ಕ ಕೆಳಗಿಳಿಯುತ್ತದೆ. ಹಿಮನದಿ ಬಿಟ್ಟುಹೋದ ದಿಣ್ಣೆಯನ್ನೇ ಕಡಿದಿರುವ ಈ ಏರು ಆ ದಿಣ್ಣೆಗಿಂತ ಕಿರಿಯದಾಗಿರಲೇಬೇಕು. ಭೂಗರ್ಭದ ಕಾಲಮಾನದಲ್ಲಿ ಅದು ನಿನ್ನೆಯ ಘಟನೆ.

ಈ ಲಿಪಿಯನ್ನು ಮೊದಲು ಓದಿ ತಿಳಿದವರು ಗ್ರೋವ್ ಕಾರ್ಲ್ ಗಿಲ್ಬರ್ಟ್. ಪರ್ವತವು ಒಂದೇ ಉಸಿರಿಗೆ ಬೆಳೆದುದಲ್ಲ, ಕಂಪದಿಂದ ಕಂಪಕ್ಕೆ ಒಂದೊಂದು ಮೆಟ್ಟಿಲೇರಿ ಬೆಳೆದುದು ಎಂದು ಅರಿತ ಆ ಭೂವಿಜ್ಞಾನಿ, 1883ರಲ್ಲಿ ಸ್ಥಳೀಯ ಪತ್ರಿಕೆಗೆ ಪತ್ರ ಬರೆದು, ಶ್ರೇಣಿಯ ಬುಡದಲ್ಲಿ ಅನೇಕ ಕಡೆ ಕಾಣುವ ಹೊಸ ಏರು ನಗರದ ಪಕ್ಕದಲ್ಲಿ ಮಾತ್ರ ಕಾಣದಿರುವುದು ಸಮಾಧಾನದ ವಿಷಯವಲ್ಲ, ಅಲ್ಲಿ ಬಿಗುವು ಇನ್ನೂ ಕೂಡಿಡಲ್ಪಡುತ್ತಿದೆಯೆಂಬುದರ ಸೂಚನೆ ಎಂದು ನಾಗರಿಕರನ್ನು ಎಚ್ಚರಿಸಿದರು. ಅನಂತರದವರು ಭಂಗಕ್ಕೆ ಅಡ್ಡಲಾಗಿ ಕಂದಕ ತೋಡಿ, ಒಂದೊಂದು ಕಂಪದ ಬಳಿಕ ಏರಿನಿಂದ ಜರಿದು ಬಿದ್ದ ಮಣ್ಣಿನ ಪದರಗಳನ್ನು ಎಣಿಸಿ, ಅವುಗಳಲ್ಲಿ ಸಿಕ್ಕ ಇದ್ದಿಲಿನ ವಯಸ್ಸನ್ನು ಅಳೆದರು. ನಗರದ ಬದಿಯ ಭಾಗದಲ್ಲಿ ಮಹಾಕಂಪಗಳ ಸರಾಸರಿ ಅಂತರ ಸುಮಾರು 1,300 ವರ್ಷ. ಕೊನೆಯದು ಸಂಭವಿಸಿಯೂ ಹೆಚ್ಚುಕಡಮೆ ಅಷ್ಟೇ ಕಾಲವಾಗಿದೆ.

ಗಿಲ್ಬರ್ಟ್ ಪತ್ರ ಬರೆದಾಗ ನಗರದ ನಡುವೆ ಮಾರ್ಮನ್ ಪಂಥದವರ ಮಹಾದೇವಾಲಯದ ಗೋಡೆಗಳು ಏಳುತ್ತಿದ್ದವು. 1853ರಲ್ಲಿ ಮೊದಲಾಗಿ 1893ರಲ್ಲಿ ಮುಗಿದ ಆ ಕಟ್ಟಡದ ಬೂದುಬಿಳುಪಿನ ಗ್ರಾನೈಟ್ ಶಿಲೆ ಬಂದದ್ದು ಇದೇ ಕಣಿವೆಯಿಂದ. ಬೆಟ್ಟದ ಕಲ್ಲನ್ನು ಜನ ಆದರದಿಂದ ಕೊಂಡೊಯ್ದರು. ಬೆಟ್ಟದ ಮಾತನ್ನು ಒಯ್ಯುವುದಕ್ಕೆ ಬಹುಕಾಲ ಹಿಡಿಯಿತು. 2020ರ ಮಾರ್ಚ್ 18ರ ಬೆಳಗ್ಗೆ, ನಗರದ ಪಶ್ಚಿಮಕ್ಕಿರುವ ಮ್ಯಾಗ್ನಾದ ಬಳಿ 5.7 ಪ್ರಮಾಣದ ಕಂಪವಾದಾಗ, ದೇವಾಲಯದ ಶಿಖರದಲ್ಲಿ ನಿಂತ ದೇವದೂತನ ಕೈಯ ಚಿನ್ನದ ಬಣ್ಣದ ಕಹಳೆ ಕಳಚಿ ಬಿತ್ತು. ಭೂಕಂಪವನ್ನು ತಾಳುವಂತೆ ಆ ದೇವಾಲಯದ ಅಸ್ತಿಭಾರವನ್ನು ಬಲಪಡಿಸುವ ಕಾರ್ಯ ಅದಕ್ಕೆ ಕೆಲವೇ ತಿಂಗಳುಗಳ ಮುಂಚೆ ಆರಂಭವಾಗಿದ್ದಿತು. 1883ರ ಪತ್ರಕ್ಕೆ ನಗರವು ಬರೆಯತೊಡಗಿದ ಉತ್ತರಗಳಲ್ಲಿ ಇದೂ ಒಂದು. ಕಣಿವೆಯ ಬಾಯಲ್ಲಿ, ಕಡಿದುಹೋದ ದಿಣ್ಣೆಯ ಪಕ್ಕದಲ್ಲೇ ಸಾಲುಗಟ್ಟಿರುವ ಮನೆಗಳೂ ಅಂಥದೊಂದು ಉತ್ತರವನ್ನು ಬರೆಯಬೇಕಾಗಿದೆ.