ರಬ್ಬರಿನ ತವರೂರು ಮನೌಸ್

ನಮ್ಮ ಮನೆ ಸುಳ್ಯದ ಕಡೆ. ಮನೆಯ ಹಿಂದಿನ ಗುಡ್ಡದಲ್ಲಿ ಅಪ್ಪ ನೆಟ್ಟ ನಾನೂರು ಚಿಲ್ಲರೆ ರಬ್ಬರ್ ಮರಗಳಿವೆ. ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಹಿಡಿದಾಗ, ತೊಂಬತ್ತರ ದಶಕದಲ್ಲಿ, ಬೇರೆ ದಾರಿ ಕಾಣದೆ ಹಾಕಿದ ಮರಗಳು ಅವು. ನನ್ನ ಇಂಜಿನಿಯರಿಂಗ್ ಫೀಸು ಬಹುಪಾಲು ಬಂದದ್ದು ಆ ಮರಗಳ ಹಾಲಿನಿಂದಲೇ. 2025ರ ಮೇ ತಿಂಗಳಲ್ಲಿ ಒಂದು ದಿನ ಅಪ್ಪ ಫೋನಿನಲ್ಲಿ ಕೇಳಿದರು: "ಮರಕ್ಕೆ ವಯಸ್ಸಾಯ್ತು, ಹಾಲು ಕಮ್ಮಿ. ಕಡಿಸಿ ಪುನಃ ರಬ್ಬರೇ ಹಾಕುವುದಾ, ಬೇರೆ ಎಂತಾದರೂ ನೋಡುವುದಾ? ನೀನೇ ಹೇಳು." ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ನಾನು ಏನು ಹೇಳಲಿ?

ಮರುತಿಂಗಳೇ ಆಫೀಸಿನ ಕೆಲಸದ ಮೇಲೆ ಬ್ರೆಜಿಲ್‌ನ ಸಾವೊ ಪೌಲೋಗೆ ಹೋಗಬೇಕಾಯಿತು. ರಬ್ಬರಿನ ತವರು ಅಲ್ಲೇ ಅಲ್ಲವೇ, ನೋಡಿಯೇ ಬಿಡೋಣ ಎಂದು ನಾಲ್ಕು ದಿನ ರಜೆ ಸೇರಿಸಿಕೊಂಡೆ. ಅಲ್ಲಿಂದ ಸುಮಾರು ನಾಲ್ಕು ಗಂಟೆ ವಿಮಾನದಲ್ಲಿ ಹೋದರೆ ಮನೌಸ್. ಕೊನೆಯ ಒಂದು ಗಂಟೆ ಕೆಳಗೆ ಬರೀ ಕಾಡು, ನಡುವೆ ಹಾವಿನಂತೆ ಹರಿಯುವ ನೀರು. ಆಮೇಲೆ ಇದ್ದಕ್ಕಿದ್ದಂತೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಪಟ್ಟಣ!

ಸಮುದ್ರದಿಂದ ಸುಮಾರು 1,500 ಕಿಲೋಮೀಟರ್ ಒಳಗಿದ್ದರೂ ಮನೌಸ್ ಸಮುದ್ರದ ಹಡಗುಗಳು ಬರುವ ಬಂದರು. ಅಷ್ಟು ದೂರ ಹಡಗು ನದಿಯಲ್ಲೇ ಬರುತ್ತದೆ ಎಂದರೆ ಆ ನದಿ ಎಂಥದ್ದಿರಬೇಕು ಯೋಚಿಸಿ. ಊರು ಇರುವುದು ರಿಯೊ ನೀಗ್ರೊ, ಅಂದರೆ ಕಪ್ಪು ನದಿಯ ದಡದಲ್ಲಿ. ಕಾಡಿನ ಎಲೆ, ಬೇರು ಕೊಳೆತು ನೀರು ಕಟ್ಟಾದ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದೆ. ಊರಿನಿಂದ ಸ್ವಲ್ಪ ಕೆಳಗೆ ಅದು ಮಣ್ಣು ಬಣ್ಣದ ಸೊಲಿಮೋಯ್ಸ್ ನದಿಯನ್ನು ಕೂಡುತ್ತದೆ. ಕೂಡುತ್ತದೆ ಎಂದೆನೇ? ಬೇಗ ಕೂಡುವುದೇ ಇಲ್ಲ! ಕಪ್ಪು ನೀರು ಬೆಚ್ಚಗೆ, ನಿಧಾನ. ಮಣ್ಣು ನೀರು ತಣ್ಣಗೆ, ಜೋರು. ಎರಡೂ ಸುಮಾರು ಆರು ಕಿಲೋಮೀಟರ್ ಪಕ್ಕಪಕ್ಕದಲ್ಲೇ ಹರಿಯುತ್ತವೆ. ದೋಣಿಯಿಂದ ಕೈ ಇಳಿಸಿದರೆ ಗೆರೆ ದಾಟುವಾಗ ಬಿಸಿ, ತಂಪು ಗೊತ್ತಾಗುತ್ತದೆ. ಬ್ರೆಜಿಲಿನವರ ಲೆಕ್ಕದಲ್ಲಿ ಅಮೆಜಾನ್ ಎಂಬ ಹೆಸರು ಶುರುವಾಗುವುದು ಇಲ್ಲಿಂದ.

ಬಂದರು ಇನ್ನೊಂದು ಸೋಜಿಗ. ನದಿ ವರ್ಷಕ್ಕೆ ಸರಾಸರಿ ಹತ್ತು ಮೀಟರ್ ಏರಿ ಇಳಿಯುತ್ತದೆ, ಅಂದರೆ ಮೂರು ಮಹಡಿಯಷ್ಟು. ಆದ್ದರಿಂದ ಇಪ್ಪತ್ತನೇ ಶತಮಾನದ ಮೊದಲಲ್ಲೇ ಇಂಗ್ಲಿಷ್ ಕಂಪನಿಯೊಂದು ಇಲ್ಲಿ ತೇಲುವ ಧಕ್ಕೆ ಕಟ್ಟಿತು. ನೀರು ಏರಿದಂತೆ ಧಕ್ಕೆಯೂ ಏರುತ್ತದೆ. ಪಕ್ಕದ ಗೋಡೆಯ ಮೇಲೆ 1902ರಿಂದ ಒಂದೊಂದು ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಬರೆದಿಟ್ಟಿದ್ದಾರೆ. ಎಲ್ಲಕ್ಕಿಂತ ಮೇಲಿನ ಗೆರೆ 2021ರದ್ದು, 30.02 ಮೀಟರ್. ಅದಾಗಿ ಎರಡೇ ವರ್ಷಕ್ಕೆ, 2023ರ ಅಕ್ಟೋಬರಿನಲ್ಲಿ, ಬರಗಾಲ ಬಂದು ನದಿ 12.70 ಮೀಟರಿಗೆ ಇಳಿಯಿತು. 2024ರಲ್ಲಿ ಅದಕ್ಕಿಂತಲೂ ಕೆಳಗೆ! 2023ರಲ್ಲಿ ನೀರು ಇಳಿದಾಗ ಬಂಡೆಗಳ ಮೇಲೆ ಸಾವಿರ ವರ್ಷಕ್ಕೂ ಹಳೆಯದೆನ್ನಲಾದ ಮನುಷ್ಯ ಮುಖಗಳ ಕೆತ್ತನೆ ಕಂಡವು. ದೊಡ್ಡ ಕಂಟೇನರ್ ಹಡಗುಗಳು ಊರಿಗೆ ಬರಲಾಗಲಿಲ್ಲ. ದಕ್ಷಿಣದ ಕಡೆಗೆ ಇರುವ ಒಂದೇ ಹೆದ್ದಾರಿಯ ನಡುವಿನ ಭಾಗ ಡಾಂಬರಿಲ್ಲದ ಮಣ್ಣು ರಸ್ತೆ. 2021ರ ಜನವರಿಯಲ್ಲಿ ಕೋವಿಡ್ ರೋಗಿಗಳಿಗೆ ಇಲ್ಲಿನ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಮುಗಿದಾಗ, ಹೊರಗಿನಿಂದ ಬೇಗ ತರಿಸಲು ಪಟ್ಟ ಪಾಡು ಜನರಿಗೆ ಇನ್ನೂ ಮರೆತಿಲ್ಲ.

ಇಂಥ ಕಾಡಿನ ನಡುವೆ ಒಂದು ಅರಮನೆಯಂಥ ನಾಟಕಶಾಲೆ ಇದೆ, ಟಿಯಾಟ್ರೊ ಅಮೆಜೋನಾಸ್. 1896ರ ಡಿಸೆಂಬರ್ 31ರಂದು ಉದ್ಘಾಟನೆಯಾದದ್ದು. ಇಟಲಿಯ ಅಮೃತಶಿಲೆ, ಸ್ಕಾಟ್ಲೆಂಡಿನ ಕಬ್ಬಿಣ, ಗುಮ್ಮಟದ ಮೇಲೆ ಬ್ರೆಜಿಲ್ ಬಾವುಟದ ಬಣ್ಣದಲ್ಲಿ 36,000 ಬಿಲ್ಲೆಗಳು. ಎಲ್ಲವೂ ಹಡಗಿನಲ್ಲಿ ಬಂದದ್ದು, ಎಲ್ಲಕ್ಕೂ ದುಡ್ಡು ರಬ್ಬರಿನದ್ದು. 1888ರಲ್ಲಿ ಡನ್ಲಪ್ ಗಾಳಿ ತುಂಬುವ ಟೈರು ಮಾಡಿದ ಮೇಲೆ ಲೋಕಕ್ಕೆಲ್ಲ ರಬ್ಬರ್ ಬೇಕಾಯಿತು, ಅದು ಸಿಗುತ್ತಿದ್ದುದು ಹೆಚ್ಚಾಗಿ ಈ ಕಾಡಿನಲ್ಲಿ.

ಹಾಲು ತೆಗೆದವರ ಪಾಡೇನು? ಅದನ್ನು ನೋಡಲು ಊರಿನಿಂದ ದೋಣಿಯಲ್ಲಿ ಅರ್ಧ ಗಂಟೆ ದೂರದ ರಬ್ಬರ್ ಮ್ಯೂಸಿಯಮ್ಮಿಗೆ ಹೋದೆ. ಒಂದು ಸಿನಿಮಾಕ್ಕೆ ಹಾಕಿದ ಸೆಟ್ಟನ್ನೇ ಮ್ಯೂಸಿಯಂ ಮಾಡಿದ್ದಾರೆ. ಮಾಲೀಕನ ಮನೆ, ಪಕ್ಕದಲ್ಲೇ ಅವನ ಅಂಗಡಿ. ಹಿಟ್ಟು, ಉಪ್ಪು, ಕತ್ತಿ ಎಲ್ಲ ಸಾಲದಲ್ಲಿ ಅಲ್ಲೇ ಕೊಳ್ಳಬೇಕು, ರಬ್ಬರ್ ಅವನಿಗೇ ಕೊಡಬೇಕು. ಸಾಲ ಮುಗಿಯುತ್ತಲೇ ಇರಲಿಲ್ಲ. ಗೈಡ್ ಮರಕ್ಕೆ ಓರೆಯಾಗಿ ಗೀರಿ ಹಾಲು ಇಳಿಸಿದಾಗ ನನಗೆ ಮನೆಯ ಗುಡ್ಡವೇ ನೆನಪಾಯಿತು. ನಮ್ಮಲ್ಲಿ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟು ಒತ್ತುತ್ತೇವೆ. ಅಲ್ಲಿ ಕೋಲಿನ ಮೇಲೆ ಹಾಲು ಸುರಿಯುತ್ತಾ, ಹೊಗೆಯಲ್ಲಿ ತಿರುಗಿಸುತ್ತಾ ದೊಡ್ಡ ಉಂಡೆ ಮಾಡುತ್ತಿದ್ದರು. ಆ ಹೊಗೆ ಕುಡಿದು ಕಣ್ಣು, ಶ್ವಾಸಕೋಶ ಕಳೆದುಕೊಂಡವರು ಎಷ್ಟೋ ಮಂದಿ.

"ಮರಗಳು ಯಾಕೆ ಇಷ್ಟು ದೂರ ದೂರ? ನಮ್ಮಲ್ಲಿ ಸಾಲಾಗಿ ನೆಡುತ್ತೇವೆ" ಎಂದೆ. ಗೈಡ್ ನಕ್ಕು, "ಇಲ್ಲಿ ಸಾಲಾಗಿ ನೆಟ್ಟರೆ ಸಾಯುತ್ತವೆ" ಎಂದ. ಇಲ್ಲಿ ಎಲೆಗೆ ಬರುವ ಒಂದು ಶಿಲೀಂಧ್ರ ರೋಗವಿದೆ. ಕಾಡಿನಲ್ಲಿ ಮರಗಳು ಚದುರಿರುವುದರಿಂದ ಹೇಗೋ ಬದುಕುತ್ತವೆ, ಒತ್ತಾಗಿ ನೆಟ್ಟರೆ ಎಲೆಯಿಂದ ಎಲೆಗೆ ಹಬ್ಬಿ ತೋಟವೇ ಬೋಳು. ಕಾರಿನ ಹೆನ್ರಿ ಫೋರ್ಡ್ 1928ರಲ್ಲಿ ತಪಜೋಸ್ ನದಿಯ ದಡದಲ್ಲಿ ಫೋರ್ಡ್‌ಲಾಂಡಿಯಾ ಎಂಬ ದೊಡ್ಡ ತೋಟ ಮಾಡಲು ಹೋಗಿ ಸೋತದ್ದಕ್ಕೆ ಇದೂ ಒಂದು ಮುಖ್ಯ ಕಾರಣ.

ಅದೇ ತಪಜೋಸ್ ಕಡೆಯಿಂದ 1876ರಲ್ಲಿ ಹೆನ್ರಿ ವಿಕ್ಹ್ಯಾಮ್ ಎಂಬ ಇಂಗ್ಲಿಷಿನವನು ಸುಮಾರು 70,000 ರಬ್ಬರ್ ಬೀಜ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ್ದ. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಅವುಗಳಲ್ಲಿ ಹೆಚ್ಚಿನವು ಸಿಲೋನಿಗೆ ಹೋದವು. ರೋಗ ಮಾತ್ರ ಹಿಂದೆಯೇ ಉಳಿಯಿತು! ಏಷ್ಯಾದ ತೋಟಗಳು ಹುಲುಸಾಗಿ ಬೆಳೆದು, 1913ರ ಹೊತ್ತಿಗೆ ಕಾಡಿನ ರಬ್ಬರನ್ನು ಹಿಂದೆ ಹಾಕಿದವು. ಮನೌಸಿನ ಶ್ರೀಮಂತರು ಊರು ಬಿಟ್ಟರು, ಬಡವರು ಉಳಿದರು. 1967ರಲ್ಲಿ ಸರ್ಕಾರ ತೆರಿಗೆ ರಿಯಾಯಿತಿ ಕೊಟ್ಟು ಕಾರ್ಖಾನೆಗಳನ್ನು ಕರೆತರುವವರೆಗೆ ಊರು ಹೆಚ್ಚುಕಡಿಮೆ ಮಲಗಿಯೇ ಇತ್ತು. ಈಗ ಟಿವಿ, ಬೈಕುಗಳು ಇಲ್ಲಿ ತಯಾರಾಗುತ್ತವೆ.

ನಮ್ಮ ಸುಳ್ಯಕ್ಕೂ ಈ ಕಥೆಯ ಬಾಲ ಬಂದು ಮುಟ್ಟುತ್ತದೆ. ಸಿಲೋನಿನ ತೋಟಗಳಲ್ಲಿ ದುಡಿದ ತಮಿಳರಲ್ಲಿ ಅನೇಕರನ್ನು 1964ರ ಭಾರತ-ಸಿಲೋನ್ ಒಪ್ಪಂದದ ಪ್ರಕಾರ ಇಲ್ಲಿಗೆ ಕಳಿಸಿದಾಗ, ಅವರಿಗೆ ಕೆಲಸ ಕೊಡಲೆಂದು ಸುಳ್ಯ, ಪುತ್ತೂರು ಕಡೆ ಸರ್ಕಾರಿ ರಬ್ಬರ್ ತೋಟ ಎಬ್ಬಿಸಿದರು. ನಮ್ಮ ಮನೆಗೆ ಟ್ಯಾಪಿಂಗ್ ಮಾಡಲು ಬರುತ್ತಿದ್ದ ಅಣ್ಣಾಚಿ ಆ ಪೈಕಿಯವರೇ. ಮರ ಬಂದ ದಾರಿಯಲ್ಲೇ ಮನುಷ್ಯರೂ ಬಂದರು.

ರಾತ್ರಿ ಹೋಟೆಲಿನಿಂದ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು, "ಬರುವಾಗ ನಾಲ್ಕು ಬೀಜ ತರಲಿಕ್ಕೆ ಆಗ್ತದಾ?" ಬೇಡವೇ ಬೇಡ ಎಂದೆ. ಆ ಎಲೆ ರೋಗ ಇನ್ನೂ ನಮ್ಮ ದೇಶಕ್ಕೆ ಬಂದಿಲ್ಲ. ಬೀಜ, ಎಲೆ ಹೋಗಲಿ, ಬಟ್ಟೆ, ಬೂಟಿನಲ್ಲೂ ಅದು ಬರಬಹುದಂತೆ. ಅಲ್ಲಿಂದ ಊರಿಗೆ ಹೋಗುವವರಿದ್ದರೆ ದಯವಿಟ್ಟು ಎಲ್ಲ ತೊಳೆದುಕೊಂಡು ಹೋಗಿ. ಬ್ರೆಜಿಲಿನಿಂದ ಭಾರತಕ್ಕೆ ಹೋಗಲು ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟು ಕೂಡ ಬೇಕು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಡಿಕೆ ಒಂದನ್ನೇ ನಂಬಿ ಒಮ್ಮೆ ಬುದ್ಧಿ ಕಲಿತೆ. 2011ರಲ್ಲಿ ಇನ್ನೂರು ದಾಟಿದ್ದ ರಬ್ಬರ್ 2016ರಲ್ಲಿ ನೂರಕ್ಕಿಂತ ಕೆಳಗೆ ಬಂದಾಗ ಇನ್ನೊಮ್ಮೆ. ಅಷ್ಟು ದೊಡ್ಡ ಪೇಟೆಯೇ ಒಂದು ಮರ ನಂಬಿ ಮುಳುಗಿತು ಅಂದರೆ ನಾವೆಲ್ಲಿ? ಅರ್ಧ ಗುಡ್ಡಕ್ಕೆ ರಬ್ಬರ್, ಅರ್ಧಕ್ಕೆ ಗೇರು ಹಾಕುವ. ಗೇರಾದರೆ ನಮ್ಮದೇ ಅಲ್ಲವಾ, ಈ ಬ್ರೆಜಿಲಿನ ತಾಪತ್ರಯ ಇಲ್ಲ."

ನದಿ ದಡದ ಹಳೆ ಮಾರ್ಕೆಟ್ಟಿನಲ್ಲಿ ಅದೇ ಬೆಳಿಗ್ಗೆ ಗೇರುಹಣ್ಣಿನ ಜ್ಯೂಸು ಕುಡಿದಿದ್ದೆ. ಅಲ್ಲಿ ಅದರ ಹೆಸರು ಕಾಜು. ಪೋರ್ಚುಗೀಸರು ನಮ್ಮ ಕರಾವಳಿಗೆ ಆ ಮರ ತಂದದ್ದೂ ಬ್ರೆಜಿಲಿನಿಂದಲೇ! ಅಪ್ಪನಿಗೆ ಅದನ್ನು ಹೇಳಿದಾಗ ಜೋರಾಗಿ ನಕ್ಕರು. ಆದರೆ ಪ್ಲಾನು ಬದಲಿಸಲಿಲ್ಲ.