ನಲವತ್ತೈದನೇ ದಿನ ಕೇಳುವವರು ಯಾರು?

ಪೀಣ್ಯದಲ್ಲಿ ನನ್ನ ಸ್ನೇಹಿತರೊಬ್ಬರ ಶೆಡ್ ಇದೆ. ಎರಡು ಸಿಎನ್‌ಸಿ ಮೆಷಿನ್, ಒಂದು ಹಳೆಯ ಲೇತ್, ಆರು ಜನ ಕೆಲಸಗಾರರು. ಅವರ ಮೇಜಿನ ಮೇಲೆ ಎರಡು ಫೈಲು. ಒಂದರಲ್ಲಿ ಕಳಿಸಿದ ಬಿಲ್ಲುಗಳು, ಇನ್ನೊಂದರಲ್ಲಿ ದುಡ್ಡು ಬಂದ ಬಿಲ್ಲುಗಳು. ಮೊದಲನೆಯದು ಯಾವಾಗಲೂ ದಪ್ಪ. ಪೇಮೆಂಟ್ ಕೇಳಲು ಫೋನ್ ಹಚ್ಚಿದರೆ ಅವರ ದನಿಯೇ ಬದಲಾಗುತ್ತದೆ: ‘ಸಾರ್, ಸುಮ್ನೆ ವಿಚಾರಿಸೋಣ ಅಂತ ಮಾಡ್ದೆ...’ ದುಡಿದ ದುಡ್ಡನ್ನೇ ಕೈಸಾಲದ ಹಾಗೆ ಕೇಳುತ್ತಾರೆ.

ಹಾಗಂತ ಕಾನೂನು ಅವರ ಪರ ಇಲ್ಲವೇ? ಧಾರಾಳವಾಗಿ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಕಲಂ ಪ್ರಕಾರ, ಸರಕನ್ನು ಒಪ್ಪಿಕೊಂಡ ಮೇಲೆ ಕೊಂಡವರು ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನವಷ್ಟೇ ಗಡುವು. ಪರ್ಚೇಸ್ ಆರ್ಡರ್‌ನಲ್ಲಿ ‘90 ದಿನ’ ಎಂದು ಅಚ್ಚು ಹಾಕಿಸಿಕೊಂಡರೂ 45ರ ಮಿತಿ ಸಡಿಲವಾಗುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2024ರಲ್ಲಿ ಬ್ಯಾಂಕ್ ದರ ಶೇ 6.75 ಇತ್ತು, ಮೂರು ಪಟ್ಟು ಎಂದರೆ ಶೇ 20.25. ವ್ಯಾಜ್ಯ ತೀರಿಸಲು ರಾಜ್ಯಮಟ್ಟದ ಸೌಲಭ್ಯ ಮಂಡಳಿ ಇದೆ. ಅದರ ತೀರ್ಪನ್ನು ಕೊಂಡವರು ಕೋರ್ಟಿನಲ್ಲಿ ಪ್ರಶ್ನಿಸಬೇಕೆಂದರೆ ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು.

ಇಷ್ಟೆಲ್ಲ ಇದ್ದೂ ನನ್ನ ಸ್ನೇಹಿತರು ಒಮ್ಮೆಯೂ ಮಂಡಳಿಯ ಬಾಗಿಲು ತಟ್ಟಿಲ್ಲ. ಕಾರಣ ಕೇಳಿದರೆ ನಗುತ್ತಾರೆ. ‘ಕೇಸ್ ಹಾಕಿದ್ರೆ ಹಳೇ ದುಡ್ಡು ಬರ್ಬೋದು. ಹೊಸ ಆರ್ಡರ್ ಯಾರು ಕೊಡ್ತಾರೆ?’ ದೊಡ್ಡ ಪಾರ್ಟಿ ಒಂದೇ, ಶೆಡ್ಡುಗಳು ಸಾವಿರ.

ಅವರನ್ನು ಇನ್ನೂ ಹಿಂಡುವುದು ಜಿಎಸ್‌ಟಿ. ಒಂದು ಲಕ್ಷದ ಬಿಲ್ಲಿಗೆ ಶೇ 18ರಂತೆ 18 ಸಾವಿರ ತೆರಿಗೆ. ಪಾರ್ಟಿ ಕೊಡಲಿ ಬಿಡಲಿ, ಆ ತೆರಿಗೆಯನ್ನು ಮುಂದಿನ ತಿಂಗಳೇ ಸರ್ಕಾರಕ್ಕೆ ಕಟ್ಟಬೇಕು. ಬಿಲ್ ಹಾಕಿದ ತಪ್ಪಿಗೆ ಓವರ್‌ಡ್ರಾಫ್ಟ್ ಖಾತೆಯಿಂದ ಸಾಲ ತೆಗೆದು ತೆರಿಗೆ ಕಟ್ಟುವ ಸ್ಥಿತಿ. ಅತ್ತ ಕೊಂಡ ಕಂಪನಿಯೋ ಅದೇ 18 ಸಾವಿರವನ್ನು ಇನ್‌ಪುಟ್ ಕ್ರೆಡಿಟ್ ಎಂದು ತನ್ನ ಲೆಕ್ಕಕ್ಕೆ ಹಾಕಿಕೊಂಡು ಕೂರುತ್ತದೆ. ಹಣ ಪಾವತಿಸದಿದ್ದರೆ ಆ ಕ್ರೆಡಿಟ್ ವಾಪಸ್ ಕೊಡಬೇಕೆಂಬ ನಿಯಮ ಇದೆ. ಆದರೆ ಅದಕ್ಕೆ 180 ದಿನ ಕಾಲಾವಕಾಶ!

ಈ ಗಂಟನ್ನು ಬೇರೆ ತುದಿಯಿಂದ ಬಿಚ್ಚಲು ಹೊರಟದ್ದು 2023ರ ಹಣಕಾಸು ಕಾಯ್ದೆ. ಆದಾಯ ತೆರಿಗೆಯ 43ಬಿ ಕಲಮಿಗೆ ‘ಎಚ್’ ಎಂಬ ಪುಟ್ಟ ಉಪಕಲಂ ಸೇರಿತು. ಅದು ಮೊದಲು ತಾಗಿದ್ದು 2023–24ರ ಲೆಕ್ಕಪುಸ್ತಕಗಳಿಗೆ. ಸಣ್ಣ ಅಥವಾ ಅತಿಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಹಣ ಕೊಡದೆ ಮಾರ್ಚ್ 31ಕ್ಕೂ ಬಾಕಿ ಉಳಿಸಿಕೊಂಡರೆ, ಕೊಂಡವರು ಆ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಕೊಟ್ಟ ವರ್ಷದಲ್ಲೇ ತೋರಿಸಬೇಕು. ಹತ್ತು ಲಕ್ಷ ಬಾಕಿ ಇಟ್ಟ ಕಂಪನಿ ಶೇ 30ರ ದರದಲ್ಲಿ ತೆರಿಗೆ ಕಟ್ಟುವುದಾದರೆ, ಆ ವರ್ಷ ಮೂರು ಲಕ್ಷ ಹೆಚ್ಚುವರಿ ತೆರಿಗೆ. ಪಿಎಫ್, ಜಿಎಸ್‌ಟಿ ಬಾಕಿಗಾದರೆ ರಿಟರ್ನ್ ಸಲ್ಲಿಸುವ ದಿನದೊಳಗೆ ಕಟ್ಟಿ ಪಾರಾಗಬಹುದು. ಇಲ್ಲಿ ಆ ಕಿಂಡಿಯನ್ನೂ ಮುಚ್ಚಿದ್ದಾರೆ.

ಇದರ ಜಾಣತನ ನನಗೆ ಮೆಚ್ಚುಗೆಯಾದದ್ದು ಒಂದೇ ಕಾರಣಕ್ಕೆ. ಹಳೆಯ ಕಾನೂನಿನಲ್ಲಿ ಶೆಡ್ಡಿನವರೇ ಬಾಯಿ ಬಿಟ್ಟು ಕೇಳಬೇಕಿತ್ತು. ಈಗ ಕೇಳುವ ಕೆಲಸ ಕಂಪನಿಯ ಆಡಿಟರ್ ಪಾಲಿಗೆ ಬಂದಿದೆ. 2024ರ ಫೆಬ್ರುವರಿ, ಮಾರ್ಚ್‌ನಲ್ಲಿ ನನ್ನ ಸ್ನೇಹಿತರಿಗೆ ಎಂದೂ ಬಾರದ ಫೋನ್‌ಗಳು ಬಂದವು: ‘ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ, ಅರ್ಜೆಂಟ್.’ ಸಣ್ಣ ಉದ್ಯಮ ಎಂಬುದಕ್ಕೆ ಸರ್ಕಾರದ ನೋಂದಣಿ ಪತ್ರ ಅದು. ಹಿಂದೆಯೇ ಹಳೆಯ ಎರಡು ಬಿಲ್ಲಿನ ಹಣವೂ ಬಂತು.

ಆದರೆ ಬೇಲಿ ಹಾಕಿದಲ್ಲಿ ಸಂದಿ ಹುಡುಕುವವರೂ ಇರುತ್ತಾರೆ. ಅದೇ ತಿಂಗಳುಗಳಲ್ಲಿ ಕೆಲವು ಖರೀದಿದಾರರು ಸಣ್ಣವರಿಗೆ ಹೇಳಿದ ಮಾತು ಇನ್ನೊಂದಿತ್ತು: ಉದ್ಯಮ್ ನೋಂದಣಿ ರದ್ದು ಮಾಡಿಸಿ, ಇಲ್ಲವಾದರೆ ಬೇರೆಯವರ ಹತ್ತಿರ ಕೊಳ್ಳುತ್ತೇವೆ. ಮಧ್ಯಮ ಗಾತ್ರದ ಉದ್ಯಮಗಳಿಗೆ ಈ ರಕ್ಷಣೆ ಇಲ್ಲವಾದ್ದರಿಂದ ಅವರಿಂದ ಕೊಂಡರೆ ತೊಂದರೆ ಇಲ್ಲವಲ್ಲ! ದೀರ್ಘ ಉದ್ದರಿಯಲ್ಲೇ ನಡೆಯುವ ಜವಳಿ ವ್ಯಾಪಾರದವರು ನಿಯಮವನ್ನು ಮುಂದೂಡಿ ಎಂದು ಕೇಳಿದರು. ಸರ್ಕಾರ ಮುಂದೂಡಲಿಲ್ಲ. ನನ್ನ ಮಟ್ಟಿಗೆ ಅದು ಸರಿ. ಆದರೆ ಜವಳಿಯವರ ಅಳಲಿನಲ್ಲೂ ಒಂದು ನಿಜ ಇದೆ. ಈ ನಿಯಮ ಕೊಂಡವರ ಗಾತ್ರ ನೋಡುವುದಿಲ್ಲ. ತನ್ನ ದೊಡ್ಡ ಗಿರಾಕಿ ನಾಲ್ಕು ತಿಂಗಳಾದರೂ ಹಣ ಕೊಡದೆ ಸತಾಯಿಸುವಾಗ, ಕೋರಮಂಗಲದ ಪುಟ್ಟ ಸ್ಟಾರ್ಟಪ್ಪೂ ಬೋರ್ಡ್ ಅಚ್ಚು ಹಾಕಿಕೊಟ್ಟವರಿಗೆ 45 ದಿನದಲ್ಲಿ ಕೊಡಲೇಬೇಕು.

2025ರ ಏಪ್ರಿಲ್ 1ರಿಂದ ವ್ಯಾಖ್ಯೆ ಹಿಗ್ಗಿದೆ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ ರೂಪಾಯಿವರೆಗಿನದು ಈಗ ‘ಸಣ್ಣ’ ಉದ್ಯಮ. ಹಿಂದೆ ಇದು 10 ಮತ್ತು 50 ಕೋಟಿ ಇತ್ತು. ಆರು ಜನರ ಶೆಡ್ಡನ್ನೂ ನೂರು ಕೋಟಿಯ ಕಾರ್ಖಾನೆಯನ್ನೂ ಒಂದೇ ಕೊಡೆಯಡಿ ನಿಲ್ಲಿಸಿದಂತಾಯಿತು. ನೆನೆಯುವವರು ಯಾರೆಂದು ಹೇಳಬೇಕಿಲ್ಲ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಬಿಲ್ಲನ್ನು ಮುಂಗಡವಾಗಿ ನಗದಾಗಿಸುವ ಟ್ರೆಡ್ಸ್ ವೇದಿಕೆಗೆ ಸೇರುವುದೂ ಈಗ ಕಡ್ಡಾಯ. ಸೇರಿದ ಮೇಲೆ ಬಿಲ್ಲನ್ನು ಒಪ್ಪಿ ಕ್ಲಿಕ್ ಮಾಡಬೇಕಾದವರು ಮಾತ್ರ ಅದೇ ಕಂಪನಿಯವರೇ.

ನೀವೂ ಇಂಥದೊಂದು ಶೆಡ್ಡನ್ನೋ ಪುಟ್ಟ ಕಚೇರಿಯನ್ನೋ ನಡೆಸುತ್ತಿದ್ದರೆ ಬರುವ ಮಾರ್ಚ್‌ವರೆಗೆ ಕಾಯಬೇಡಿ. ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಖರ್ಚಿಲ್ಲ, ಏಜೆಂಟರಿಗೆ ಕೊಡಬೇಡಿ. ಬಿಲ್ಲಿನ ತಲೆಯ ಮೇಲೆಯೇ ಆ ಸಂಖ್ಯೆ ಅಚ್ಚಾಗಿರಲಿ. ಸರಕು ಇಳಿಸಿದ ದಿನವೇ ಚಲನ್ ಮೇಲೆ ಸಹಿ, ಸೀಲು, ತಾರೀಕು ಹಾಕಿಸಿಕೊಳ್ಳಿ. 45 ದಿನ ಎಣಿಸುವುದು ಆ ತಾರೀಕಿನಿಂದ.